ಎತ್ತಿಕೊಡುವ ಸಾಲು

ದೇವಿ ಟೆಂಪೋದ ಒಳಚಾವಣಿಗೆ ಅಂಟು ಸವರಿ, ಅದು ಬೆರಳಿಗೆ ಹತ್ತದಷ್ಟು ಒಣಗಲೆಂದು ಕಾಯುತ್ತಿದ್ದಳು. ಗಂಡ ಮಾದೇವ ಫೋಮ್ ಹಾಳೆಯ ಇನ್ನೊಂದು ತುದಿ ಹಿಡಿದು ನಿಂತಿದ್ದ. ಕುಮಟಾದ ಹೆದ್ದಾರಿ ಬದಿಯಲ್ಲಿ ಅವರಿಬ್ಬರೂ ನಡೆಸುವ ಕುಶನ್ ಅಂಗಡಿಗೆ ಬರುವುದು ಹೆಚ್ಚಾಗಿ ರಿಕ್ಷಾದ, ಬೈಕಿನ ಸೀಟುಗಳು. ಇಂಥ ಕೆಲಸ ಇದೇ ಮೊದಲು. ಓಂ ಬೀಚಿನ ಹತ್ತಿರ ರೂಮು ಬಾಡಿಗೆಗೆ ಕೊಡುವ ರಾಜೇಶ, ಪ್ರವಾಸಿಗರು ಒಳಗೇ ಮಲಗಿ ಊರೂರು ತಿರುಗಲೆಂದು ಈ ಹಳೆಯ ಟೆಂಪೋ ತಂದು ನಿಲ್ಲಿಸಿದ್ದ. ಒಳಗೆ ಸೆಕೆ ಬರಬಾರದು, ಲಾರಿಗಳ ಸದ್ದೂ ಬರಬಾರದು.

ಕೊನೆಯ ಹಾಳೆ ಒತ್ತಿ ಕೂರಿಸಿದ ಮೇಲೆ ಮಾದೇವ ಕೆಳಗಿಳಿದ.

"ಪ್ಲೈವುಡ್ ಹೊಡೆಯೂ ಮೊದ್ಲು ಸಂದು ಉಳ್ದಿದ್ಯಾ ನೋಡ್ವ. ನೀ ಒಳ್ಗೇ ಇರು, ಬಾಗ್ಲು ಹಾಕ್ತೆ. ಗಟ್ಟಿ ಕೂಗು."

"ಎಂತ ಅಂತ ಕೂಗುದು?"

"ಎಂತಾದ್ರೂ. ದಿನಾ ನಂಗೆ ಬಯ್ತಿಯಲ್ಲ, ಅದ್ನೇ ಬಯ್ಯಿ."

"ಅದು ನಿಮ್ಗೆ ಬಾಗ್ಲು ತೆಗ್ದಿದ್ರೂ ಕೇಳುದಿಲ್ಲ."

ಬಾಗಿಲು ಮುಚ್ಚಿತು. ಹೆದ್ದಾರಿ ಎಲ್ಲೋ ದೂರ ಸರಿಯಿತು. ದೇವಿಗೆ ತನ್ನ ಉಸಿರು ಕೇಳಿಸಿತು. ಬಯ್ಯಲು ಹೋದರೆ ಬಯ್ಗುಳ ಬರಲಿಲ್ಲ, ಹಾಡು ಬಂತು. ತವರೂರು ಕಾಗಾಲದ ಗದ್ದೆಯಲ್ಲಿ ನೆಟ್ಟಿ ಮಾಡುವಾಗ ಅವ್ವನ ಜೊತೆ ತಾನು ಹೇಳುತ್ತಿದ್ದ ಹಾಡು. ಮದುವೆಯಾಗಿ ಪೇಟೆಗೆ ಬಂದ ಮೇಲೆ, ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆಯಲ್ಲಿ, ಅದನ್ನು ಬಾಯಿಬಿಟ್ಟು ಹೇಳಿದ್ದೇ ಇಲ್ಲ.

ಒಂದು ಸಾಲು ಹೇಳಿದಳು. ಮುಂದಿನದು ಬರಲಿಲ್ಲ, ಬಂದದ್ದು ಅದರ ಆಚೆಯದು. ಮತ್ತೆ ಒಂದು ಸಾಲು ಖಾಲಿ. ಎರಡನೆಯ ಸಲ ತೊಡಗಿದಾಗ ತಿಳಿಯಿತು. ಅವರ ಮನೆಯಲ್ಲಿ ಹಾಡು ಹೇಳಲು ಇಬ್ಬರು ಬೇಕು. ಒಬ್ಬಳು ಒಂದು ಸಾಲು ಎತ್ತಿಕೊಡುತ್ತಾಳೆ, ಇನ್ನೊಬ್ಬಳು ಮುಂದಿನ ಸಾಲು ಹೇಳಿ ಮುಗಿಸುತ್ತಾಳೆ. ಎತ್ತಿಕೊಡುವವಳು ಯಾವಾಗಲೂ ಅವ್ವ. ದೇವಿಯ ಹತ್ತಿರ ಇದ್ದದ್ದು ಮುಗಿಸುವ ಸಾಲುಗಳು ಮಾತ್ರ. ಇಷ್ಟು ವರ್ಷ ಇಡೀ ಹಾಡೇ ತನ್ನೊಳಗಿದೆ, ಹೇಳಲು ಜಾಗವಿಲ್ಲ ಅಷ್ಟೆ ಎಂದುಕೊಂಡಿದ್ದಳು. ಉಳಿದರ್ಧ ಅವ್ವನಲ್ಲಿದೆ. ಆ ಅವ್ವ ಈಚೆಗೆ ಫೋನಿನಲ್ಲಿ ಮಗಳನ್ನು ಸತ್ತುಹೋದ ತನ್ನ ತಂಗಿಯ ಹೆಸರಿನಿಂದ ಕರೆಯುತ್ತಾಳೆ.

ಬಾಗಿಲು ತೆರೆಯಿತು.

"ಎಂತದೂ ಕೇಳ್ಲಿಲ್ಲ. ಆತು, ಕೆಲ್ಸ ಚಲೋ ಆತು. ನೀ ಕೂಗಿದ್ಯಾ ಇಲ್ವಾ?"

"ಕೂಗ್ದೆ."

"ಬೈದ್ಯಾ?"

"ಹೂಂ, ಸಮಾ ಬೈದೆ."

ಅವನು ನಗುತ್ತ ಪ್ಲೈವುಡ್ ಅಳೆಯಲು ಹೋದ. ದೇವಿ ಬೆರಳಿಗೆ ಮೆತ್ತಿದ ಅಂಟನ್ನು ಉಜ್ಜಿ ತೆಗೆಯುತ್ತ ಅಲ್ಲೇ ಕುಳಿತಳು. ನಾಳೆ ಸಂತೆಗೆಂದು ಹೇಳಿ ಹೊರಟು ಕಾಗಾಲದ ಬಸ್ಸು ಹತ್ತುವುದು. ಅವ್ವ ಯಾವ ಹೆಸರಿನಿಂದ ಕರೆದರೂ ಓಗೊಡುವುದು. ಈ ಸಲ ಮುಗಿಸುವ ಸಾಲು ಹೇಳುವುದು ಬೇಡ. ಅವ್ವ ಎತ್ತಿದ ಸಾಲನ್ನೇ, ತನಗೂ ಬಾಯಿಗೆ ಬರುವ ತನಕ, ಅವಳ ಬೆನ್ನಿಗೆ ಹೇಳುತ್ತ ಹೋಗುವುದು, ತಪ್ಪಿದೆ ಎಂದು ಅವಳು ಬಯ್ದರೂ ಬಿಡದೆ.