ಪಟ್ಟಿಯಲ್ಲಿ ಇಲ್ಲದ ಮಾತು

ಅಬ್ಬಾನ ಬಲಗೈ ಮತ್ತು ನಾಲಿಗೆ ಒಂದೇ ದಿನ ಹೋದವು. ಲಕ್ವ ಹೊಡೆದು ಹತ್ತು ತಿಂಗಳಾಗುತ್ತ ಬಂತು. ಬುದ್ಧಿ ಮಾತ್ರ ಮೊದಲಿನ ಹಾಗೇ ಇದೆ, ಅದೇ ಅವರ ಕಷ್ಟ.

ಹುಬ್ಬಳ್ಳಿಯಲ್ಲಿ ನೋಂದಣಿ ಕಚೇರಿಯ ಎದುರಿಗೆ ಮೂವತ್ತು ವರ್ಷ ಕೂತು ಪತ್ರ ಬರೆದ ಮಕಬೂಲಸಾಬರು ಅವರು. ಖರೀದಿ ಪತ್ರ, ಪಾಲು ಹಂಚುವ ವಾಟಣಿ ಪತ್ರ, ಹಕ್ಕು ಬಿಟ್ಟ ಪತ್ರ. ಅವರದೊಂದು ರೂಢಿ ಇತ್ತು. ಅಣ್ಣನಿಗೆ ಪಾಲು ಬಿಟ್ಟುಕೊಡಲು ಬಂದ ತಂಗಿಯನ್ನು ಎದುರಿಗೆ ಕೂರಿಸಿಕೊಂಡು, "ಬಾಯಿಲೆ ಹೇಳವ್ವಾ. ಕೊಡತೀ ಏನು? ನಿಮ್ಮಣ್ಣನ ಮಾರಿ ನೋಡಬ್ಯಾಡ, ನನ್ನ ಮಾರಿ ನೋಡಿ ಹೇಳು" ಅನ್ನುತ್ತಿದ್ದರು. ಹೂಂ ಅಂದ ಮೇಲೆಯೇ ಬರಹ. ಇದನ್ನು ನೋಡಿ ಬೇರೆ ಬರಹಗಾರರ ಕಡೆಗೆ ಎದ್ದು ಹೋದ ಅಣ್ಣಂದಿರೂ ಇದ್ದರು.

ಕಡೆಯ ಹನ್ನೆರಡು ವರ್ಷ ಅವರು ಬರೆದದ್ದೆಲ್ಲ ಕಂಪ್ಯೂಟರಿನಲ್ಲಿ. ಪಕ್ಕದಲ್ಲಿ ಕೂತು ನಾನೂ ಕಲಿತೆ. ಈಗ ಉಣಕಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅದೇ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ನಡೆಸಿದ್ದೇನೆ. ಬರೆಯುವ ಎಡಿಟರಿಗೆ ಒಂದು ಆಡ್-ಆನ್ ಹಾಕಿದ್ದೆ. ಅದು ಅಬ್ಬಾನ ಹಳೆಯ ಪತ್ರಗಳನ್ನೆಲ್ಲ ಓದಿಕೊಂಡಿದೆ. ಎರಡು ಅಕ್ಷರ ಒತ್ತಿ ಬೆರಳು ಒಂದು ಗಳಿಗೆ ತಡೆದರೆ ಸಾಕು, ಉಳಿದ ಸಾಲನ್ನು ತಾನೇ ತುಂಬಿಬಿಡುತ್ತದೆ. ದಿನಕ್ಕೆ ಹತ್ತು ಪತ್ರ ಮಾಡುವ ನನಗೆ ಅದು ವರವಾಗಿತ್ತು.

ಪಕ್ಕದ ಝೆರಾಕ್ಸ್ ಅಂಗಡಿಯ ದೇವಕ್ಕ ಅದನ್ನು ನೋಡಿ, "ನಮ್ಮತ್ತಿ ಹಂಗ ಐತಲ್ಲ ಉಜ್ಮಾ ಇದು. ನಾ ಬಾಯಿ ತೆಗಿಯೂದ್ರಾಗ ನನ್ನ ಮಾತು ತಾನ ಮುಗಸತಿತ್ತು ಆ ಮುದುಕಿ" ಅಂದಿದ್ದಳು.

ಒಂದು ದಿನ ಅಬ್ಬಾ ಎಡಗೈಯಿಂದ ಕೀಬೋರ್ಡ್ ತೋರಿಸಿದರು. ಕುರ್ಚಿ ಎಳೆದು ಕೂರಿಸಿದೆ. ಎಡಗೈಯ ಒಂದೇ ಬೆರಳು, ಒಂದೊಂದು ಅಕ್ಷರಕ್ಕೂ ಹುಡುಕಾಟ. "ಮೌಲಾ" ಎಂದು ಮೂಡಿತು.

ಮೌಲಾಬಿ ಫುಪ್ಪಿ ಅಬ್ಬಾನ ಒಬ್ಬಳೇ ತಂಗಿ, ಕೆಲಗೇರಿಯಲ್ಲಿ ಇರುತ್ತಾಳೆ. ನಮ್ಮ ಈ ಮನೆ ಅಜ್ಜನದು. ಗಂಡ ತೀರಿಕೊಂಡ ವರ್ಷ ಫುಪ್ಪಿ ಬಂದು ಹಿಂದಿನ ಕೋಣೆ ಕೇಳಿದ್ದಳು. ಅಬ್ಬಾ ಅವಳ ಹೆಬ್ಬೆಟ್ಟಿದ್ದ ಹಕ್ಕು ಬಿಟ್ಟ ಪತ್ರವನ್ನು ಟ್ರಂಕಿನಿಂದ ತೆಗೆದು ಮುಂದಿಟ್ಟರು. ಅವಳು ಚಹಾ ಕುಡಿಯದೆ ಎದ್ದು ಹೋದವಳು ಮತ್ತೆ ಬರಲಿಲ್ಲ. ಲಕ್ವ ಹೊಡೆದಾಗಲೂ ಬರಲಿಲ್ಲ. ಅವಳಿಗೆ ಏನೋ ಹೇಳಬೇಕು ಅಂತ ಅಬ್ಬಾ ಎಂಟು ತಿಂಗಳಿಂದ ಒದ್ದಾಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಒಳಗೆ ಹೋಗಿ ರೊಟ್ಟಿ ಬಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ನಿಂತಿತ್ತು: "ಮೌಲಾ, ನಾನು ನಿನ್ನನ್ನು ಕೇಳಿ ತಿಳಿದುಕೊಂಡು ಸ್ವಖುಷಿಯಿಂದ ಹೆಬ್ಬೆರಳಿನ ಗುರುತು ಹಾಕಿರುತ್ತಾಳೆ."

ಅಬ್ಬಾ ತಲೆ ಅಲ್ಲಾಡಿಸುತ್ತಿದ್ದರು, ಗಂಟಲಿನಿಂದ ಸದ್ದು ಬರುತ್ತಿತ್ತು. ದಣಿದಿದ್ದಾರೆ ಅಂದುಕೊಂಡೆ. ವಾಕ್ಯ ಸೊಟ್ಟಗಿತ್ತು, ಆದರೂ ಅರ್ಥ ಆಯಿತಲ್ಲ ಅಂದುಕೊಂಡೆ. ಆ ಅವಸರವನ್ನು ನೆನೆಸಿದರೆ ಇವತ್ತಿಗೂ ನಾಚಿಕೆ. "ಫೋನ್ ಮಾಡಿ ಓದಿ ಹೇಳತೇನಿ ತಡೀರಿ ಅಬ್ಬಾ" ಅಂದು ಕೆಲಗೇರಿಗೆ ಹಚ್ಚಿಯೇಬಿಟ್ಟೆ.

ಫುಪ್ಪಿ ಪೂರಾ ಕೇಳಿಸಿಕೊಂಡಳು. "ಸಾಯೂ ಹೊತ್ತಿಗೂ ಅದನ್ನ ಹೇಳಾಕತ್ತಾನೇನು" ಎಂದಳು. ಫೋನ್ ಇಟ್ಟಳು.

ಅಬ್ಬಾನ ಎಡಗೈ ಮೇಜಿಗೆ ಬಡಿಯತೊಡಗಿತು. ಸದ್ದಿಗೆ ದೇವಕ್ಕ ಓಡಿ ಬಂದಳು. ಅವರನ್ನು ನೋಡಿದಳು, ನನ್ನನ್ನು ನೋಡಿದಳು.

"ಅವರು ಅಲ್ಲ ಅಲ್ಲ ಅನ್ನಾಕತ್ತಾರ, ನಿನಗ ಕಾಣೂದಿಲ್ಲೇನು? ಅವರು ಬರದದ್ದು ಎಷ್ಟು, ನಿನ್ನ ಮಶೀನ ಬರದದ್ದು ಎಷ್ಟು, ಕೇಳಿದೇನು?"

ಕೇಳಿರಲಿಲ್ಲ.

ಅಬ್ಬಾನ ಬೆರಳು ಪ್ರತಿ ಅಕ್ಷರಕ್ಕೂ ತಡೆಯುತ್ತದೆ. ತಡೆದಾಗಲೆಲ್ಲ ಆಡ್-ಆನ್ ತುಂಬಿದೆ. ತುಂಬಿದ್ದು ಅವರದೇ ಭಾಷೆ, ಸಾವಿರ ಪತ್ರಗಳಲ್ಲಿ ಅವರೇ ಬರೆದ ಸಾಲು. ಒಂದು ಸಲ ಅಳಿಸಿದರೆ ಮತ್ತೊಂದು ಸಲ ತುಂಬಿದೆ, ಕಡೆಗೆ ಅವರು ಸೋತಿದ್ದಾರೆ.

ಸೆಟ್ಟಿಂಗ್ ತೆಗೆದು ನೋಡಿದೆ. ಇನ್ನೊಂದು ರೀತಿಯೂ ಇತ್ತು. ತಾನಾಗಿ ತುಂಬುವುದಿಲ್ಲ, ಹೊಂದುವ ಶಬ್ದಗಳ ಪಟ್ಟಿಯನ್ನು ಕೆಳಗೆ ಇಳಿಬಿಡುತ್ತದೆ. ಬೇಕಾದ್ದನ್ನು ನಾವು ಆರಿಸಿದರೆ ಉಂಟು, ಇಲ್ಲದಿದ್ದರೆ ಸುಮ್ಮನೆ ಕಾಯುತ್ತದೆ. ನಿಧಾನ ಅಂತ ನಾನೇ ಅದನ್ನು ಮೊದಲ ದಿನವೇ ತೆಗೆದಿದ್ದೆ. ಈಗ ಹಾಕಿದೆ.

ಮರುದಿನ ಗಿರಾಕಿಗಳನ್ನು ವಾಪಸ್ ಕಳಿಸಿ ಅಬ್ಬಾನ ಪಕ್ಕದಲ್ಲಿ ಕೂತೆ. "ಮೌಲಾ, ನಾನು ನಿನ್ನನ್ನು" ತನಕ ಬರಲು ಅರ್ಧ ತಾಸು. ಆಮೇಲೆ "ಕೇ" ಒತ್ತಿದರು. ಪಟ್ಟಿ ಇಳಿಯಿತು: ಕೇಳಿ, ಕೇಳಿಸಿ, ಕೇಳಿಕೊಂಡು, ಕೇಳಿ ತಿಳಿದುಕೊಂಡು. ಅಬ್ಬಾ ಮೇಲಿಂದ ಕೆಳಗೆ ನೋಡಿದರು. ಮತ್ತೆ ಮೇಲಿಂದ ನೋಡಿದರು. ಅವರಿಗೆ ಬೇಕಾದದ್ದು ಅಲ್ಲಿ ಇರಲಿಲ್ಲ. ಆ ಮಾತು ಅವರ ಯಾವ ಪತ್ರದಲ್ಲೂ ಬಂದಿರಲಿಲ್ಲ.

"ಯಾವುದು ಅಬ್ಬಾ?" ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಪಟ್ಟಿಯನ್ನು ಹಾಗೇ ಬಿಟ್ಟು ಅವರು ಒಂದೊಂದೇ ಅಕ್ಷರ ಒತ್ತಿದರು. ಮೂರು ಸಲ ತಪ್ಪಿತು, ಮೂರು ಸಲ ಅಳಿಸಿದರು. ಮಧ್ಯಾಹ್ನದ ಅಜಾನ್ ಆಗುವಾಗ ಸಾಲು ಮುಗಿದಿತ್ತು.

"ಮೌಲಾ, ನಾನು ನಿನ್ನನ್ನು ಕೇಳಲಿಲ್ಲ."

ಊರಿನ ತಂಗಿಯರನ್ನೆಲ್ಲ ಎದುರಿಗೆ ಕೂರಿಸಿ ಕೇಳಿದವರು ತಮ್ಮ ತಂಗಿಯನ್ನು ಕೇಳಿರಲಿಲ್ಲ.

ಪ್ರಿಂಟ್ ತೆಗೆದು ಬಸ್ ಹತ್ತಿ ಕೆಲಗೇರಿಗೆ ಹೋದೆ. ಫುಪ್ಪಿ ಬಾಗಿಲಲ್ಲಿ ಕೂತು ಕೊತ್ತಂಬರಿ ಸೋಸುತ್ತಿದ್ದಳು. ನೋಡಿದಳು, ಬಾ ಅನ್ನಲಿಲ್ಲ. ನಿಂತುಕೊಂಡೇ ಫೋನಿನ ತಪ್ಪು ನನ್ನದೆಂದು ಹೇಳಿ, ಆ ಒಂದು ಸಾಲು ಓದಿದೆ.

ಅವಳು ಕೈಯಲ್ಲಿದ್ದ ಕೊತ್ತಂಬರಿಯನ್ನು ಪಕ್ಕಕ್ಕಿಟ್ಟು ಅಂದಳು: "ರೇಶನ್ ಕಾರ್ಡಿನ ಕಾಗದ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಾ. ಕೇಳಿದ್ದರ ಕೊಡತಿದ್ನೋ ಇಲ್ಲೋ, ನನಗೂ ಗೊತ್ತಿಲ್ಲ ಈಗ. ಕೇಳಿದ್ದರ ಗೊತ್ತಾಗತಿತ್ತು."

"ಅಬ್ಬಾಗ ಏನ ಹೇಳ್ಲಿ ಫುಪ್ಪಿ?"

"ಏನೂ ಅನಲಿಲ್ಲ ಅಂತ ಹೇಳು. ಮಾಫ್ ಮಾಡ್ಯಾಳ ಅಂತ ನೀನ ಸೇರಿಸಿ ಹೇಳಬ್ಯಾಡ. ಮಾಡಿಲ್ಲ ಅಂತನೂ ಹೇಳಬ್ಯಾಡ."

ಬಸ್ಸಿನ ಉದ್ದಕ್ಕೂ ಆ ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಶಬ್ದ ಸೇರಿಸಿದ್ದರೆ ಅಬ್ಬಾ ಆ ರಾತ್ರಿ ನಿದ್ದೆ ಮಾಡುತ್ತಿದ್ದರು. ಮನೆಗೆ ಬಂದು ಅವಳು ಹೇಳು ಅಂದಷ್ಟನ್ನೇ ಹೇಳಿದೆ: ಏನೂ ಅನಲಿಲ್ಲ. ಅಬ್ಬಾ ಗೋಡೆಯ ಕಡೆ ತಿರುಗಿದರು.

ಎರಡು ದಿನ ಊಟಕ್ಕೆ ಬಿಟ್ಟರೆ ಏಳಲಿಲ್ಲ. ಮೂರನೆಯ ದಿನ ಮತ್ತೆ ಕೀಬೋರ್ಡ್ ತೋರಿಸಿದರು. ಈ ಸಲ ಎರಡು ದಿನ ಹಿಡಿಯಿತು.

"ಮೌಲಾ, ಈ ಮನೆಯಾಗ ನಿನ್ನ ಪಾಲು ನನಗ ಕೊಡತೀ ಏನು?"

ಕೆಳಗೆ ಪುಟ ಖಾಲಿ, ಅವಳ ಉತ್ತರಕ್ಕೆ. ಅದನ್ನೂ ಒಯ್ದು ಫುಪ್ಪಿಗೆ ಓದಿ ಹೇಳಿದೆ. ಅವಳು ಕಾಗದ ಇಸಿದುಕೊಂಡು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಳು, "ಹೋಗು, ಬಸ್ ತಪ್ಪತೈತಿ" ಅಂದಳು.

ಅದಾಗಿ ಐದು ವಾರ, ಕಾಗದ ವಾಪಸ್ ಬಂದಿಲ್ಲ. ನಾನು ಹೊರಗಿನಿಂದ ಬಂದಾಗಲೆಲ್ಲ ಅಬ್ಬಾ ಮೊದಲು ನನ್ನ ಕೈ ನೋಡುತ್ತಾರೆ.