ಟಿ.ವಿ.ಯೊಳಗಿನ ಹಡಗು

ಚುಕ್ಕಿ ತಿರುವನಂತಪುರದ ಪಕ್ಕಕ್ಕೆ ಬಂದಿತ್ತು. ಶ್ರೀಪತಿ ಹಾಸಿಗೆಯ ಅಂಚಿಗೆ ಸರಿದು ಕೂತ.

ಕ್ಯಾಬಿನ್ನಿನ ಟಿ.ವಿ.ಯಲ್ಲಿ ಒಂದು ಚಾನೆಲ್ಲು ಇದಕ್ಕೇ ಮೀಸಲು: ನೀಲಿ ನಕ್ಷೆ, ಅದರ ಮೇಲೆ ಹಡಗು ಅನ್ನುವ ಬಿಳಿ ಚುಕ್ಕಿ. ಸಿಂಗಪುರದಲ್ಲಿ ಈ ಪ್ರವಾಸಿ ಹಡಗು ಹತ್ತಿದಾಗಿನಿಂದ ಅವನು ನೋಡಿದ್ದು ಅದನ್ನೇ. ನಿವೃತ್ತನಾಗುವವರೆಗೂ ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದ ಕಚೇರಿಯಲ್ಲಿ ರಾಕೆಟ್ಟುಗಳ ಹಾದಿಯನ್ನು ಪರದೆಯ ಮೇಲೆ ಹಿಂಬಾಲಿಸಿದವನು. ಒಮ್ಮೆಯೂ ಹೊರಗೆ ಹೋಗಿ ಆಕಾಶ ನೋಡಿದವನಲ್ಲ. ಆಕಾಶದಲ್ಲಿ ಹೊಗೆ ಇರುತ್ತಿತ್ತು. ಸತ್ಯ ಪರದೆಯಲ್ಲಿರುತ್ತಿತ್ತು.

“ಸಮುದ್ರ ಹೊರಗಿದೆ,” ಎಂದಳು ಅನಸೂಯಾ, ಕೆಂಪು ಸೀರೆಯ ಸೆರಗಿಗೆ ಪಿನ್ನು ಹುಡುಕುತ್ತಾ.

“ನೋಡಿದ್ದೀನಿ.”

“ಯಾವಾಗ?”

ಶ್ರೀಪತಿ ವಿಲ್ಸನ್‌ಗೆ ಫೋನು ಮಾಡಿದ. ವಿಲ್ಸನ್ ತಿರುವನಂತಪುರದ ಅವರ ಪಕ್ಕದ ಫ್ಲ್ಯಾಟಿನವನು; ಮನೆಯ ಬೀಗದಕೈ ಅವನ ಹತ್ತಿರವೇ ಇತ್ತು. ಹಡಗು ಊರ ಮುಂದೆ ಹಾಯುವ ಹೊತ್ತಿಗೆ ತಾರಸಿಯ ಮೇಲೆ ನಿಂತಿರು ಎಂದು ಹಿಂದಿನ ದಿನವೇ ಹೇಳಿಟ್ಟಾಗಿತ್ತು.

“ಕಾಣ್ತಾ ಇದೆ ಸಾರೇ!” ವಿಲ್ಸನ್ ಕಿರುಚಿದ. “ನೀವೂ ಕಾಣ್ತಾ ಇದ್ದೀರಿ. ಪಕ್ಕದಲ್ಲಿ ಅನಸೂಯಾ ಚೇಚಿ. ಇಬ್ರೂ ಕೈ ಬೀಸ್ತಾ ಇದ್ದೀರಿ!”

ಶ್ರೀಪತಿ ಬನಿಯನ್ನಿನಲ್ಲಿದ್ದ. ಕ್ಯಾಬಿನ್ನಿಗೆ ಕಿಟಕಿಯೇ ಇರಲಿಲ್ಲ.

“ಹಡಗು ಯಾವ ಬಣ್ಣ?”

“ಹಸಿರು ಸಾರೇ. ಮೇಲೆಲ್ಲ ಡಬ್ಬ, ಡಬ್ಬ.”

ವಿಳಿಞ್ಞಂ ಬಂದರಿಗೆ ಹೊರಟ ಸರಕು ಹಡಗು. ಇವರದು ಬಿಳಿ. ಹೇಳಬಹುದಿತ್ತು.

“ಹೌದು, ನಾವೇ,” ಎಂದ ಶ್ರೀಪತಿ.

“ಎಷ್ಟು ಖುಷಿಯಾಗಿದ್ದೀರಿ ಸಾರೇ!” ಎಂದ ವಿಲ್ಸನ್.

ಫೋನಿಟ್ಟ ಮೇಲೆ ಶ್ರೀಪತಿಗೆ ಒಂದು ವಿಚಾರ ಹೊಳೆಯಿತು. ಖುಷಿಯಾಗಿರುವ ಕೆಲಸ ಅವನಿಲ್ಲದೆಯೇ ನಡೆಯುತ್ತಿದೆ. ಹಾಗಾದರೆ ಹಡಗಿನ ಕೊನೆಯ ನಿಲುಗಡೆಯಾದ ಬಾರ್ಸಿಲೋನಾದವರೆಗೆ ಅವನು ಯಾಕೆ ಹೋಗಬೇಕು? ಮಧ್ಯಾಹ್ನ ಕೊಚ್ಚಿ. ಅಲ್ಲಿ ಇಳಿದು ರೈಲು ಹಿಡಿದರೆ ಮನೆ.

ಅನಸೂಯಾ ತಿಂಡಿಗೆ ಹೋದಾಗ ಹಡಗಿನ ಕೌಂಟರಿಗೆ ಹೋಗಿ, ಕೊಚ್ಚಿಯಲ್ಲೇ ಇಳಿಯುತ್ತೇನೆಂದು ಹೇಳಿ, ಅಲ್ಲಿ ಒಪ್ಪಿಸಿದ್ದ ಪಾಸ್‌ಪೋರ್ಟ್ ಬಿಡಿಸಿಕೊಂಡ. ಅಲ್ಲಿದ್ದ ಹುಡುಗಿ ಒಂದೇ ಪ್ರಶ್ನೆ ಕೇಳಿದಳು: ಊಟ ಹಿಡಿಸಲಿಲ್ಲವೇ? ಅವನಿಗೆ ಬೇಜಾರಾಯಿತು. ಊಟ ಚೆನ್ನಾಗಿಯೇ ಇತ್ತು.

ಹೆಂಡತಿಗೆ ಹೇಳಿರಲಿಲ್ಲ. ಹೇಳಿದಾಗ ಅವಳು ‘ನಾನೂ ಬರ್ತೀನಿ’ ಅನ್ನಬೇಕು, ಇಲ್ಲವೇ ‘ಹೋಗಬೇಡಿ’ ಅನ್ನಬೇಕು. ಯಾವುದಾದರೂ ನಡೆದೀತು. ತನಗೆ ಬೇಕಾಗಿದ್ದದ್ದು ಮನೆಯಲ್ಲ, ಈ ಎರಡರಲ್ಲೊಂದು ಎಂಬ ಸಂಶಯವನ್ನು ಅವನು ಸದ್ಯಕ್ಕೆ ಮುಂದೂಡಿದ.

ಕೊಚ್ಚಿಯಲ್ಲಿ ಎಲ್ಲರ ಎದೆಗೂ ಹಳದಿ ಸ್ಟಿಕರು ಅಂಟಿಸಿ ಬಸ್ಸಿಗೆ ಹತ್ತಿಸಿದರು. ಗೈಡು ಸಂದೀಪ್ ಕಿಟಕಿಯಾಚೆ ಬೆರಳು ತೋರಿಸಿ, ಅದು ತೆಂಗಿನಮರ, ಅದರಿಂದ ಎಣ್ಣೆ ತೆಗೆಯುತ್ತಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಸಂದೀಪ್ ಹುಟ್ಟುವ ಮೊದಲೇ ಕೇರಳಕ್ಕೆ ಬಂದಿದ್ದ ಶ್ರೀಪತಿ ತಲೆಯಾಡಿಸಿದ.

“ಯಾವ ದೇಶ, ಸರ್?”

“ತಿರುವನಂತಪುರ.”

“ಮೈಸೂರು,” ಎಂದಳು ಅನಸೂಯಾ, ಅದೇ ಗಳಿಗೆಯಲ್ಲಿ.

ಇಬ್ಬರೂ ಬೇರೆಬೇರೆಯಾಗಿ ಬಂದವರೆಂದುಕೊಂಡು ಸಂದೀಪ್ ಮುಂದಿನ ಸೀಟಿಗೆ ಹೋದ.

“ನಾನು ಇಲ್ಲೇ ಇಳೀತೀನಿ,” ಎಂದ ಶ್ರೀಪತಿ.

“ಮುಂದೆ ಮೀನು ಹಿಡಿಯೋ ಚೀನಾ ಬಲೆ ತೋರಿಸ್ತಾರಂತೆ. ಅಲ್ಲಿ ಇಳಿಯೋಣ.”

“ಹಾಗಲ್ಲ. ಮನೆಗೆ ಹೋಗ್ತೀನಿ. ಪಾಸ್‌ಪೋರ್ಟ್ ತಗೊಂಡಾಯ್ತು.”

ಅವಳು ಅವನ ಜೇಬು ನೋಡಿದಳು, ಮುಖವನ್ನಲ್ಲ.

“ಫ್ರಿಜ್ಜು ಆಫ್ ಮಾಡಿದ್ದೀನಿ. ಹೋದ ತಕ್ಷಣ ಹಾಕಬೇಡಿ. ಒಳಗೆ ಒಂದ್ಸಲ ಒರೆಸಿ.”

“ಅಷ್ಟೇನಾ?”

“ಹಾಲು ವಿಲ್ಸನ್ ತಂದ್ಕೊಡ್ತಾನೆ.”

“ನೀನು?”

“ನಾಳೆ ಡಾನ್ಸ್ ಕ್ಲಾಸಿದೆ.”

“ಒಬ್ಬಳೇ ಇರ್ತೀಯಾ?”

“ಇಷ್ಟು ದಿನ ಯಾರಿದ್ರು?” ಎಂದಳು ಅನಸೂಯಾ. ಕೋಪವಿರಲಿಲ್ಲ, ನೆನಪಿದ್ದರೆ ಹೇಳಿ ಅನ್ನುವ ಧ್ವನಿ.

ಫೋರ್ಟ್ ಕೊಚ್ಚಿಯಲ್ಲಿ ಬಸ್ಸು ಅವನನ್ನು ಬಿಟ್ಟು ಹೋಯಿತು. ಎರ್ನಾಕುಲಂ ಸ್ಟೇಷನ್ನಿಗೆ ಆಟೋ ಸಿಗುತ್ತಿತ್ತು. ಅವನು ಹತ್ತಲಿಲ್ಲ. ಬಂದರು ಬಿಟ್ಟ ಹಡಗು ಹಾದುಹೋಗುವುದು ಈ ಕಡಲತೀರದ ಮುಂದೆಯೇ ಎಂದು ಬೆಳಿಗ್ಗೆಯ ನಕ್ಷೆ ಹೇಳಿತ್ತು. ರೈಲು ಆಮೇಲೂ ಇದೆ ಅಂದುಕೊಂಡು, ಐಸ್‌ಕ್ರೀಮು ತಿನ್ನುವ ಸಂಸಾರಗಳ ನಡುವೆ ನಿಂತ.

ಸಂಜೆ ಹಡಗು ಬಂತು. ಇಷ್ಟು ದೊಡ್ಡದರೊಳಗೆ ತಾನಿದ್ದೆ ಎಂದು ಅವನಿಗೆ ಮೊದಲ ಬಾರಿ ಗೊತ್ತಾಯಿತು. ಮೇಲಿನ ಡೆಕ್ಕಿನ ಕಂಬಿಗೆ ಒರಗಿ ಕೆಂಪು ಸೀರೆ. ಕೈ ಬೀಸುತ್ತಿತ್ತು.

ಶ್ರೀಪತಿಯ ಕೈ ತಾನಾಗಿ ಮೇಲೆದ್ದಿತು. ಇನ್ನೊಂದು ಕೈಯಲ್ಲಿ ಫೋನು ಒತ್ತಿದ.

“ಅನಸೂಯಾ! ಕಾಣ್ತಾ ಇದ್ದೀಯಾ! ನಾನಿಲ್ಲಿ, ಬಲೆಗಳ ಪಕ್ಕ. ಹೂಂ, ಬೀಸು, ಬೀಸು!”

“ನಾನು ರೂಮಲ್ಲಿದ್ದೀನಿ.”

“ಏನ್ ಮಾಡ್ತಿದ್ದೀಯಾ?”

“ಟಿ.ವಿ. ನೋಡ್ತಾ ಇದ್ದೀನಿ. ನಿಮ್ಮ ಚುಕ್ಕಿ. ಈಗ ದಡ ಬಿಡ್ತು. ನೀವು ಇದರಲ್ಲಿ ಕಾಣಲ್ಲ.”

ಫೋನು ಕಡಿದುಹೋಯಿತು.

“ನಿಮ್ಮವರಾ ಅಂಕಲ್?” ಪಕ್ಕದ ಹೆಂಗಸು ಮಲಯಾಳದಲ್ಲಿ ಕೇಳಿದಳು, ತನ್ನ ಮಗುವಿನ ಕೈಯನ್ನೂ ಹಡಗಿನ ಕಡೆ ಬೀಸಿಸುತ್ತಾ.

“ಹೌದು,” ಎಂದ ಶ್ರೀಪತಿ.

ಕೆಂಪು ಸೀರೆ ಕಿರಿದಾಗುತ್ತಾ ಹೋಗಿ, ಕೊನೆಗೆ ಒಂದು ಚುಕ್ಕಿಯಾಗಿ, ಆಮೇಲೂ ಬೀಸುತ್ತಲೇ ಇತ್ತು. ಅತ್ತ ಕೈ ಇಳಿಯದೆ ತಾನು ಇಳಿಸುವುದು ಸರಿಯಲ್ಲ ಎಂದು, ಎದೆಯ ಮೇಲೆ ಹಳದಿ ಸ್ಟಿಕರು ಹೊತ್ತು, ಅವನು ಹಾಗೆಯೇ ನಿಂತಿದ್ದ.