ಮುಟ್ಟಬಾರದ ದುಡ್ಡು

"ತೆರಿಗೆ ಅಂತ ಸಂಬಳದ ಕಾಲುಭಾಗ ನುಂಗ್ತೀರಲ್ಲ, ನನ್ನ ಹೆಂಡ್ತಿಯೇನು ಮಂತ್ರಿಯಾ?"

ಗಂಡ ಆಸ್ಪತ್ರೆಯ ಲೆಕ್ಕದ ಕಿಟಕಿಯೊಳಗೆ ತಲೆ ತೂರಿಸಿ ಕೂಗುತ್ತಿದ್ದ. ಯಾರೋ ಓಡಿಬಂದು ಹೇಳಿದ್ದರಿಂದ ಅವಳು ನೆಲಮಾಳಿಗೆಯ ಲಾಂಡ್ರಿಯಿಂದ ಮೆಟ್ಟಿಲು ಹತ್ತಿ ಬಂದಳು. ವರಾಂಡದ ತುದಿಗೇ ಅವನ ದನಿ ಕೇಳುತ್ತಿತ್ತು. ಅವನ ತೋಳಿನ ತುಂಬ ಬಿಳಿ ಬಣ್ಣದ ಚುಕ್ಕಿ. ಯಾರದೋ ಮನೆಯ ಗೋಡೆ ಅರ್ಧ ಬಳಿದು ಬಂದಿದ್ದ.

"ರೀ, ನಡೀರಿ. ಮನೇಲಿ ಮಾತಾಡೋಣ."

"ಸುಮ್ನಿರು ನೀನು. ಬಾಯಿಲ್ಲದೋಳು ಅಂತಾನೇ ಇವರು ಹಿಂಗೆ ಮಾಡ್ತಿರೋದು."

ಬಾಯಿಲ್ಲದವಳು ನಿಂತೇ ಇದ್ದಳು. ದಿನವಿಡೀ ಬಿಸಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡಿ ಮಾಡಿ, ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವಳ ಕಾಲು ಕಂಬವಾಗುತ್ತಿತ್ತು. ಇನ್ನೆಷ್ಟು ವರ್ಷ ಹೀಗೆ ನಿಲ್ಲಬಹುದು ಎಂಬ ಯೋಚನೆ ಹುಟ್ಟಿದ ಮೇಲೆಯೇ ಅವಳು ಗುಮಾಸ್ತರ ಬಳಿ ಹೋಗಿ, "ನನ್ನ ಫಂಡಿಗೆ ಎಷ್ಟು ಹಾಕಬಹುದೋ ಅಷ್ಟೂ ಹಾಕಿಬಿಡಿ ಸ್ವಾಮಿ" ಎಂದಿದ್ದು. ಕೈಯಲ್ಲಿ ಉಳಿಸಿದ್ದೆಲ್ಲ ಮೈದುನನ ಪಾಲಾಗಿತ್ತು. ಮೊದಲು ಕೋಳಿ ಸಾಕಣೆ, ಆಮೇಲೆ ಹಳೆಯ ಟೆಂಪೋ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಣ್ಣನಿಗೆ ಇಲ್ಲ ಅನ್ನಲು ನಾಲಿಗೆ ಏಳದು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದು ಅವಳು ಗೊಣಗಿದರೆ, "ಹೋಗ್ಲಿ ಬಿಡೇ" ಎಂದು ನಕ್ಕುಬಿಡುತ್ತಿದ್ದ.

ಕೈಗೆ ಬರುವ ಸಂಬಳ ಕಮ್ಮಿಯಾದ ಮೊದಲ ತಿಂಗಳು ಅವನು ಯಾಕೆಂದು ಕೇಳಿದ. "ತೆರಿಗೆ" ಎಂದಳು. ಆ ಮಾತಿಗೆ ಎದುರಾಡುವವರು ಆ ಮನೆಯಲ್ಲಿರಲಿಲ್ಲ.

ಈಗ ಕಿಟಕಿಯೊಳಗೆ ಗುಮಾಸ್ತರು ಕಂಪ್ಯೂಟರಿನತ್ತ ತಿರುಗಿದ್ದರು. ಅವಳು ಹೇಳಬೇಡಿ ಎಂದು ತಲೆಯಾಡಿಸಿದ್ದು ಅವರಿಗೆ ಕಾಣಲಿಲ್ಲ.

"ಯಜಮಾನ್ರೇ, ಇವರಿಗೆ ತೆರಿಗೆ ಅಂತ ಒಂದು ಕಾಸೂ ಹಿಡಿದಿಲ್ಲ. ಹೋಗ್ತಿರೋದೆಲ್ಲ ನಿವೃತ್ತಿ ಫಂಡಿಗೆ. ಅಲ್ಲಿಗೆ ಹಾಕಿದ್ದನ್ನ ತೆರಿಗೆಯೋರು ಸಂಬಳ ಅಂತ ಎಣಿಸೋದೇ ಇಲ್ಲ, ಉಳಿದಿದ್ದಕ್ಕೆ ಮಾತ್ರ ಲೆಕ್ಕ. ಮೊದಲು ಚೂರುಪಾರು ಹೋಗ್ತಿತ್ತು. ಇವರು ಜಾಸ್ತಿ ಹಾಕೋಕೆ ಶುರು ಮಾಡಿದ ಮೇಲೆ ಅದೂ ನಿಂತೋಯ್ತು."

ಗಂಡ ಕಿಟಕಿಯಿಂದ ತಲೆ ಹೊರಗೆಳೆದುಕೊಂಡ. ಅವಳ ಮುಖ ನೋಡಲಿಲ್ಲ.

"ಹಂಗಾದ್ರೆ ಆ ದುಡ್ಡು ಎಲ್ಲಿದೆ?"

"ಇವರ ಹೆಸರಲ್ಲೇ ಬೆಳೀತಿದೆ. ಆಸ್ಪತ್ರೆಯೋರೂ ತಮ್ಮ ಪಾಲು ಹಾಕ್ತಾರೆ."

"ಈಗಲೇ ಬೇಕು ಅಂದ್ರೆ?"

"ತೆಗೀಬಹುದು. ಆದ್ರೆ ಹಾಕೋವಾಗ ಬಿಟ್ಟ ತೆರಿಗೆನೆಲ್ಲ ಆಗ ಹಿಡ್ಕೋತಾರೆ, ಮೇಲೆ ದಂಡ ಬೇರೆ. ಅರವತ್ತಾದ ಮೇಲಾದ್ರೆ ತೆರಿಗೆ ಅಷ್ಟಾಗಿ ತಾಕಲ್ಲ. ಹಣ್ಣಾಗೋಕೆ ಬಿಡಿ, ಕಾಯಿ ಯಾಕೆ ಕೀಳ್ತೀರಿ?"

ತೆಗೀಬಹುದು. ಗಂಡನ ಕಿವಿಗೆ ಬಿದ್ದಿದ್ದು ಅದೊಂದೇ ಮಾತೇನೋ ಎಂದು ಅವಳು ಅವನನ್ನೇ ನೋಡಿದಳು.

ಪಾಳಿ ಮುಗಿಯುವವರೆಗೆ ಅವನು ಗೇಟಿನ ಬಳಿ ಕಾದಿದ್ದ. ಇಬ್ಬರೂ ಮನೆಯ ಕಡೆ ನಡೆದರು.

"ನನಗೂ ಸುಳ್ಳು ಹೇಳ್ದೆ."

"ಹ್ಞೂಂ."

"ನಾನೇನು ಕಳ್ಳನಾ?"

"ಕಳ್ಳ ಆಗಿದ್ರೆ ಬೀಗ ಹಾಕಿದ್ರೆ ಸಾಕಿತ್ತು. ನೀವು, ಕೇಳಿದೋರಿಗೆಲ್ಲ ಕೀಲಿಕೈ ಕೊಡೋರು."

ಅವನು ಮತ್ತೂ ಸ್ವಲ್ಪ ದೂರ ನಡೆದ. "ಗೋಡೆ ಬಳಿಯೋನಿಗೆ ಯಾವ ಫಂಡು? ನನಗೆ ಯಾರು ಹಾಕ್ತಾರೆ?"

"ಅದಕ್ಕೇ ಇಬ್ಬರದ್ದೂ ನಾನೇ ಹಾಕ್ತಿರೋದು."

ಮನೆಯಲ್ಲಿದ್ದ ಒಂದೇ ಬೆತ್ತದ ಕುರ್ಚಿಯಲ್ಲಿ ಮೈದುನ ಕಾಲಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಹೋಗಿ ವಿಚಾರಿಸು ಎಂದು ಅಣ್ಣನನ್ನು ಆಸ್ಪತ್ರೆಗೆ ಅಟ್ಟಿದವನು ಅವನೇ.

"ಏನಂದ್ರಣ್ಣ, ತೆರಿಗೆ ವಾಪಸ್ ಕೊಡ್ತಾರಂತಾ? ಅತ್ತಿಗೆ, ಈ ಸಲ ಹಣ್ಣಿನ ರಸದ ಯಂತ್ರ. ಕೈ ಕಚ್ಚೋ ವ್ಯಾಪಾರ ಅಲ್ಲ. ಅಂಗಡಿಯೋರು ಅದನ್ನ ನಾಳೆವರೆಗೆ ಮಾತ್ರ ಯಾರಿಗೂ ಮಾರದೆ ಇಟ್ಕೊಂಡಿರ್ತಾರಂತೆ."

ಗಂಡ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ. ಬೆನ್ನು ಇವರ ಕಡೆಗಿತ್ತು.

"ದುಡ್ಡಿದೆ ಕಣೋ," ಎಂದ. "ಅವಳದ್ದು. ಅವಳನ್ನೇ ಕೇಳು."

ಇದಕ್ಕಿಂತ ಕೆನ್ನೆಗೊಂದು ಬಾರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಇಷ್ಟು ವರ್ಷ ಅವಳ ಬದಲು ಬೇರೆ ಯಾವುದೋ 'ಇಲ್ಲ' ಎನ್ನುತ್ತಿತ್ತು. ಒಮ್ಮೆ ಮನೆ ಬಾಡಿಗೆ, ಒಮ್ಮೆ ಔಷಧಿ, ಕೊನೆಗೆ ತೆರಿಗೆ. ಈಗ ಮುಂದೆ ಯಾವುದರ ಮರೆಯೂ ಇರಲಿಲ್ಲ.

"ಇದೆ," ಎಂದಳು. "ಕೊಡಲ್ಲ."

ಮೈದುನ ತಮಾಷೆ ಅಂದುಕೊಂಡು ನಕ್ಕ. ಆಮೇಲೆ ಅಣ್ಣನ ಬೆನ್ನು ನೋಡಿದ.

"ಅಣ್ಣಾ?"

ಅಣ್ಣ ಮೊಣಕೈಗೆ ಅಂಟಿದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ. ನೀರು ಸುಮ್ಮನೆ ಹರಿಯುತ್ತಿತ್ತು.

"ಆಯ್ತು ಬಿಡಿ ಅತ್ತಿಗೆ. ದೊಡ್ಡೋರಾಗಿಬಿಟ್ರಿ." ಮೈದುನ ಎದ್ದ. ಅವನ ಚಪ್ಪಲಿ ಸದ್ದು ಮೆಟ್ಟಿಲಿಳಿದು ಬೀದಿಯ ಗದ್ದಲದಲ್ಲಿ ಸೇರಿಹೋಯಿತು.

ಗಂಡ ನಲ್ಲಿ ನಿಲ್ಲಿಸಿದ. ಒದ್ದೆ ಕೈಯಲ್ಲೇ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದಿಟ್ಟು ಒಳಕೋಣೆಗೆ ಹೋದ. ಅವಳು ಕೂತಳು. ಬೆತ್ತ ಇನ್ನೂ ಬೆಚ್ಚಗಿತ್ತು.